ಯಂತ್ರ ಜೋಡಿಸಿದ ಕೂಡಲೇ ಎಂಜಿನ್ ನಿಲ್ಲುವುದಕ್ಕೆ

ನಿಮ್ಮ ಮಾಮೋಡ್ ಎಂಜಿನ್ (ಹಬೆಯಿಂದ ಓಡುವ ಆಟಿಕೆ ಎಂಜಿನ್) ಒಂಟಿಯಾಗಿ ಚೆನ್ನಾಗಿ ಓಡುತ್ತದೆ, ಆದರೆ ಪುಟಾಣಿ ಯಂತ್ರಗಳಾದ ಗ್ರೈಂಡರ್, ಪಾಲಿಶರ್, ಪ್ರೆಸ್, ಸುತ್ತಿಗೆ ನಾಲ್ಕನ್ನೂ ಜೋಡಿಸಿದರೆ ನಿಂತುಬಿಡುತ್ತದೆ ಎಂದಿದ್ದೀರಿ. ಬಾಯ್ಲರ್ ಮೇಲೆ ಅನುಮಾನ ಪಡುವ ಮೊದಲು ಲೈನ್ ಶಾಫ್ಟ್, ಅಂದರೆ ಎಂಜಿನ್‌ನ ಓಟವನ್ನು ಬೆಲ್ಟ್‌ಗಳ ಮೂಲಕ ಎಲ್ಲ ಯಂತ್ರಗಳಿಗೂ ಹಂಚುವ ಉದ್ದನೆಯ ಸರಳನ್ನು ನೋಡಿ. ಬೆಲ್ಟ್‌ಗಳನ್ನೆಲ್ಲ ಬಿಚ್ಚಿ ಶಾಫ್ಟನ್ನು ಬೆರಳಿನಿಂದ ತಿರುಗಿಸಿ. ಬೆರಳು ತೆಗೆದ ಮೇಲೂ ಅದು ತಾನಾಗಿ ಒಂದಷ್ಟು ಸುತ್ತು ತಿರುಗಬೇಕು. ತಟ್ಟನೆ ನಿಂತರೆ ಬಹುಶಃ ಬೇರಿಂಗ್‌ಗಳು ಒಂದೇ ಗೆರೆಯಲ್ಲಿಲ್ಲ ಎಂದರ್ಥ. ಅಡಿಯ ಹಲಗೆ ತುಸು ಸೊಟ್ಟಗಾಗಿದ್ದರೂ ಹೀಗಾಗುತ್ತದೆ. ಸ್ಪ್ರಿಂಗ್ ಬೆಲ್ಟ್ (ಸುರುಳಿ ತಂತಿಯ ಬೆಲ್ಟ್) ಜಾರದಷ್ಟು ಬಿಗಿ ಇದ್ದರೆ ಸಾಕು, ಅದಕ್ಕಿಂತ ಹೆಚ್ಚಾದರೆ ಶಕ್ತಿಯೆಲ್ಲ ಬೇರಿಂಗ್ ತಿಕ್ಕಾಟಕ್ಕೇ ಹೋಗುತ್ತದೆ.

ಇನ್ನು ಪುಲ್ಲಿ. ಎಂಜಿನ್ ಕಡೆ ಚಿಕ್ಕದು, ಶಾಫ್ಟ್ ಕಡೆ ದೊಡ್ಡದು ಹಾಕಿ. ವೇಗ ಇಳಿಯುತ್ತದೆ, ತಿರುಚುಬಲ ಏರುತ್ತದೆ. ಯಂತ್ರಗಳು ನಿಧಾನವಾಗಿ ಓಡಿದರೇ ನಿಜವಾದ ಕಾರ್ಖಾನೆಯಂತೆ ಕಾಣುವುದು, ನನಗಂತೂ ಅದೇ ಇಷ್ಟ.

ಈ ಎಂಜಿನ್‌ನ ಸಿಲಿಂಡರ್ ಅತ್ತಿತ್ತ ತೂಗಾಡುವಂಥದ್ದು; ಸ್ಪ್ರಿಂಗ್ ಒತ್ತಿ ಹಿಡಿದ ಎರಡು ಚಪ್ಪಟೆ ಮುಖಗಳ ನಡುವೆ ಹಬೆ ಹಾಯುತ್ತದೆ. ಅಲ್ಲಿ ಹೊಲಿಗೆ ಯಂತ್ರದ ತೆಳು ಎಣ್ಣೆ ಬೇಡ, ಹಬೆ ಎಂಜಿನ್‌ಗೆಂದೇ ಇರುವ ದಪ್ಪನೆಯ ಸ್ಟೀಮ್ ಆಯಿಲ್ಲೇ ಬೇಕು. ಹಬೆ ಸೋರದಂತೆ ತಡೆಯುವುದೂ ಅದೇ. ಬಾಯ್ಲರ್‌ನಲ್ಲಿ ಒತ್ತಡ ಮಿತಿಮೀರಿದರೆ ಹಬೆಯನ್ನು ಹೊರಬಿಡುವ ಸೇಫ್ಟಿ ವಾಲ್ವನ್ನು ಮಾತ್ರ ಬಿಗಿ ಮಾಡಲು ಹೋಗಬೇಡಿ, ದಯವಿಟ್ಟು.

ಸುತ್ತಿಗೆಯನ್ನು ಕೊನೆಗೆ ಜೋಡಿಸಿ. ಅದು ಪ್ರತಿ ಸಲ ಮೇಲೇಳುವಾಗ ಹೊರೆ ಒಮ್ಮೆಲೇ ಏರುತ್ತದೆ. ಶಾಫ್ಟ್‌ಗೆ ಭಾರವಾದ ಹಿತ್ತಾಳೆ ಚಕ್ರವೊಂದನ್ನು ಸೇರಿಸಿದರೆ ಆ ಎಳೆತ ಸಮವಾಗುತ್ತದೆ.