ನಾಯಿಗೆ ದಿನಕ್ಕೆ ಎಷ್ಟು ಸಲ ಊಟ ಹಾಕಬೇಕು?

ನಿಮ್ಮ ಮನೆಯಲ್ಲಿ ಮೂರು ವರ್ಷದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಲ್ಯಾಬ್ರಡಾರ್ ಇದೆ. ಜೊತೆಗೆ ಈಗ ಎರಡು ತಿಂಗಳ ಮರಿಯೂ ಬಂದಿದೆ. ದಿನಕ್ಕೆ ಒಂದೇ ಸಲ ಹಾಕಿದರೆ ಸಾಕೆಂದು ಒಬ್ಬರು, ಮೂರು ಸಲ ಬೇಕೇ ಬೇಕೆಂದು ಇನ್ನೊಬ್ಬರು, ಬಟ್ಟಲು ತುಂಬಿಸಿಟ್ಟರೆ ಅದೇ ಬೇಕಾದಾಗ ತಿನ್ನುತ್ತದೆ ಎಂದು ಮತ್ತೊಬ್ಬರು ಹೇಳಿ ನಿಮ್ಮ ತಲೆ ಕೆಡಿಸಿದ್ದಾರೆ. ಮರಿಗೆ ನಾಲ್ಕು ಸಲ, ದೊಡ್ಡದಕ್ಕೆ ಎರಡು ಸಲ ಹಾಕಿ. ಬಟ್ಟಲು ತುಂಬಿಸಿಡುವ ಪದ್ಧತಿ ಎರಡಕ್ಕೂ ಬೇಡ. ಇಷ್ಟೇ ಬೇಕಿದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ಎಷ್ಟು ಸಲ ಎಂದು ಕೇಳುವವರು ದಿನಕ್ಕೆ ಒಟ್ಟು ಎಷ್ಟು ಗ್ರಾಂ ಎಂದು ಕೇಳುವುದೇ ಇಲ್ಲ. ನಾಯಿಯ ಆಯಸ್ಸಿಗೆ ಹೆಚ್ಚು ಸಂಬಂಧವಿರುವುದು ಆ ಎರಡನೆಯ ಪ್ರಶ್ನೆಗೆ ಎಂದು ನನ್ನ ಅಭಿಪ್ರಾಯ.

ಮೊದಲು ಮರಿ. ಅದರ ಹೊಟ್ಟೆ ಪುಟ್ಟದು, ಆದರೆ ಬೆಳೆಯುತ್ತಿರುವ ಮೈಗೆ ಬೇಕಾಗುವ ಶಕ್ತಿ ತೂಕದ ಲೆಕ್ಕದಲ್ಲಿ ದೊಡ್ಡ ನಾಯಿಯದಕ್ಕಿಂತ ಹೆಚ್ಚು. ಒಂದೇ ಹೊತ್ತಿಗೆ ಅಷ್ಟನ್ನೂ ತುಂಬಿಸಲು ಆಗುವುದಿಲ್ಲ. ಮೂರು ತಿಂಗಳು ತುಂಬುವವರೆಗೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಎಂಬುದು ಸಾಮಾನ್ಯ ಕ್ರಮ. ಒಂದು ಹೊತ್ತನ್ನು ಕೈಬಿಡುವಾಗ ಅದರ ಪಾಲನ್ನು ಉಳಿದ ಹೊತ್ತುಗಳಿಗೆ ಹಂಚಿ. ತಾರೀಕು ನೋಡಿ ಬದಲಿಸಬೇಕಾಗಿಲ್ಲ. ಮಧ್ಯಾಹ್ನದ ಬಟ್ಟಲನ್ನು ಮೂಸಿ ಹಾಗೇ ಬಿಟ್ಟುಹೋಗತೊಡಗಿದರೆ ಕಾಲ ಬಂತೆಂದು ತಿಳಿಯಬಹುದು. ಚಿವಾವಾದಂಥ ತೀರ ಚಿಕ್ಕ ತಳಿಗಳ ಮರಿಗಳಲ್ಲಿ ಹೊಟ್ಟೆ ಹೆಚ್ಚು ಹೊತ್ತು ಖಾಲಿ ಉಳಿದರೆ ರಕ್ತದ ಸಕ್ಕರೆ ಕುಸಿದು ನಡುಕ, ತೂರಾಟ, ಕೆಲವೊಮ್ಮೆ ಸೆಳೆತವೂ ಬರುವುದುಂಟು. ಅವಕ್ಕೆ ನಾಲ್ಕು ಸಲದ ಕ್ರಮವನ್ನು ಇನ್ನಷ್ಟು ಕಾಲ ಮುಂದುವರಿಸಬೇಕಾಗಬಹುದು. ದೊಡ್ಡ ತಳಿಯ ಮರಿಗಳ ಕಥೆ ಬೇರೆ. ಅವನ್ನು ಬೇಗ ದಪ್ಪಗಾಗಿಸುವ ಆಸೆಯಲ್ಲಿ ಹೆಚ್ಚು ಹಾಕಿದರೆ, ಅದರ ಮೇಲೆ ಕ್ಯಾಲ್ಸಿಯಂ ಪುಡಿಯನ್ನೂ ಬೆರೆಸಿದರೆ, ಮೂಳೆ ಮತ್ತು ಕೀಲುಗಳ ಬೆಳವಣಿಗೆ ಕೆಡುತ್ತದೆ. ಗುಂಡುಗುಂಡಾದ ಮರಿ ನೋಡಲು ಚೆಂದ, ಅಷ್ಟೇ.

ಹೊತ್ತಿಗೆ ಸರಿಯಾಗಿ ಹಾಕುವುದರಿಂದ ಇನ್ನೊಂದು ಲಾಭವಿದೆ. ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ, ಮರಿಗಳಲ್ಲಂತೂ ಇದು ಬಹಳ ಸ್ಪಷ್ಟ. ಊಟವಾದ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಹೊರಗೆ ಕರೆದೊಯ್ದರೆ ನೆಲ ಒರೆಸುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಬಟ್ಟಲು ಸದಾ ತುಂಬಿರುವ ಮನೆಯಲ್ಲಿ ಮರಿ ಯಾವಾಗ ತಿಂದಿತು, ಯಾವಾಗ ಹೋಗಬೇಕಾದೀತು ಎಂಬ ಲೆಕ್ಕವೇ ಸಿಗುವುದಿಲ್ಲ.

ಇನ್ನು ದೊಡ್ಡದು. ಎಂಟರಿಂದ ಹನ್ನೆರಡು ಗಂಟೆಗಳ ಅಂತರದಲ್ಲಿ ಎರಡು ಊಟ ಎಂಬುದನ್ನೇ ಹೆಚ್ಚಿನ ಪಶುವೈದ್ಯರು ಹೇಳುತ್ತಾರೆ, ನಾನೂ ಅದನ್ನೇ ಪಾಲಿಸುತ್ತೇನೆ. ದಿನಕ್ಕೊಂದೇ ಊಟ ಎನ್ನುವವರ ಕೈಯಲ್ಲಿ ಈಗ ಒಂದು ಅಸ್ತ್ರವಿದೆ. ಅಮೆರಿಕದ ಡಾಗ್ ಏಜಿಂಗ್ ಪ್ರಾಜೆಕ್ಟ್ 24,000ಕ್ಕೂ ಹೆಚ್ಚು ಸಾಕುನಾಯಿಗಳ ಮಾಹಿತಿಯನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಒಮ್ಮೆ ಮಾತ್ರ ಉಣ್ಣುವ ನಾಯಿಗಳಲ್ಲಿ ಹಲ್ಲು, ಮೂಳೆ, ಮೂತ್ರಪಿಂಡ ಮುಂತಾದವುಗಳ ತೊಂದರೆಗಳು ಕಡಿಮೆ ಕಂಡುಬಂದಿದ್ದವು. ಆದರೆ ಅದು ಸಾಕಿದವರು ತುಂಬಿಕೊಟ್ಟ ಉತ್ತರಗಳ ಮೇಲೆ ನಿಂತ ಅಧ್ಯಯನ. ಒಮ್ಮೆ ಉಂಡದ್ದರಿಂದ ನಾಯಿ ಆರೋಗ್ಯವಾಗಿದೆಯೋ, ಕಾಯಿಲೆ ಬಿದ್ದ ನಾಯಿಗೆ ಔಷಧಿಯ ನೆಪದಲ್ಲಿ ಹೆಚ್ಚು ಸಲ ಹಾಕತೊಡಗಿದ್ದಾರೋ ಎಂಬುದು ಅದರಿಂದ ಇತ್ಯರ್ಥವಾಗುವುದಿಲ್ಲ. ಅಧ್ಯಯನ ನಡೆಸಿದವರೇ ಇದನ್ನು ಕಾರಣವೆಂದು ಸಾಧಿಸಿಲ್ಲ. ಅದನ್ನು ಹಂಚಿಕೊಳ್ಳುವವರು ಮಾತ್ರ ಸಾಧಿಸಿಬಿಟ್ಟಿದ್ದಾರೆ.

ಒಂದೇ ಊಟದ ಬಗ್ಗೆ ನನಗಿರುವ ಅಂಜಿಕೆಗೆ ಕಾರಣಗಳು ಎರಡು. ಚಿಕ್ಕದು ಮೊದಲು. ಹೊಟ್ಟೆ ತುಂಬಾ ಹೊತ್ತು ಖಾಲಿಯಿದ್ದರೆ ಕೆಲವು ನಾಯಿಗಳು ಬೆಳಗಿನ ಜಾವ ಹಳದಿ ನೊರೆ ಕಾರುತ್ತವೆ. ಅದು ಪಿತ್ತ. ನಮ್ಮ ಮನೆಯ ಮುದಿ ನಾಯಿಗೆ ಈ ಚಾಳಿ ಇದೆ. ಅದರ ರಾತ್ರಿಯ ಪಾಲಿನಿಂದಲೇ ಒಂದು ಹಿಡಿ ತೆಗೆದಿಟ್ಟು ಮಲಗುವ ಮುನ್ನ ಕೊಟ್ಟರೆ ಬೆಳಗ್ಗೆ ನೆಲ ಶುಚಿಯಾಗಿರುತ್ತದೆ. ಪಶುವೈದ್ಯರಿಗೆ ತೋರಿಸಿ ಬೇರೆ ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮಾಡಿದ ಏರ್ಪಾಡು ಇದು.

ದೊಡ್ಡ ಕಾರಣ, ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ. ಆಳವಾದ ಎದೆಗೂಡಿನ ತಳಿಗಳಲ್ಲಿ, ಅಂದರೆ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಜರ್ಮನ್ ಶೆಫರ್ಡ್ ಮೊದಲಾದವುಗಳಲ್ಲಿ, ಜಠರದಲ್ಲಿ ಅನಿಲ ತುಂಬಿಕೊಂಡು ಅದು ತನ್ನ ಸುತ್ತಲೇ ತಿರುಗಿಬಿಡುತ್ತದೆ. ಎರಡೂ ಕಡೆ ದಾರಿ ಮುಚ್ಚುತ್ತದೆ, ರಕ್ತಸಂಚಾರ ನಿಲ್ಲುತ್ತದೆ. ದಿನದ ಪಾಲನ್ನೆಲ್ಲ ಒಂದೇ ಸಲಕ್ಕೆ ತಿನ್ನುವುದು, ಗಬಗಬನೆ ನುಂಗುವುದು ಈ ಅಪಾಯವನ್ನು ಹೆಚ್ಚಿಸುತ್ತವೆ. ನಾಯಿ ವಾಂತಿ ಮಾಡಲು ಮತ್ತೆ ಮತ್ತೆ ಯತ್ನಿಸಿದರೂ ಏನೂ ಹೊರಬರದಿದ್ದರೆ, ಹೊಟ್ಟೆ ಬಿಗಿದು ಉಬ್ಬಿದ್ದರೆ, ಜೊಲ್ಲು ಸುರಿಸುತ್ತ ಕೂತಲ್ಲಿ ಕೂರದೆ ಚಡಪಡಿಸುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ. ಶಸ್ತ್ರಚಿಕಿತ್ಸೆ ಕೆಲವು ಗಂಟೆ ತಡವಾದರೆ ನಾಯಿ ಉಳಿಯುವುದಿಲ್ಲ. ಬಟ್ಟಲನ್ನು ಎತ್ತರದ ಪೀಠದ ಮೇಲಿಟ್ಟರೆ ಇದನ್ನು ತಡೆಯಬಹುದೆಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. 2000ರಲ್ಲಿ ಪ್ರಕಟವಾದ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಎತ್ತರದ ಬಟ್ಟಲಿನಲ್ಲಿ ತಿನ್ನುವ ದೊಡ್ಡ ನಾಯಿಗಳಿಗೇ ಅಪಾಯ ಹೆಚ್ಚೆಂದು ಕಂಡುಬಂದಿತ್ತು. ಊಟವಾದ ಮೇಲೆ ಒಂದೆರಡು ಗಂಟೆ ಓಟ, ಚೆಂಡಾಟ ಬೇಡ ಎನ್ನುವುದು ಒಳ್ಳೆಯ ಅಭ್ಯಾಸ. ಲ್ಯಾಬ್ರಡಾರ್‌ಗೆ ಈ ಕಾಯಿಲೆಯ ಭಯ ಅಷ್ಟಿಲ್ಲ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಬಟ್ಟಲು ತುಂಬಿಸಿಡುವ ಸಲಹೆ ಕೊಟ್ಟವರು ಬಹುಶಃ ಲ್ಯಾಬ್ರಡಾರ್ ಸಾಕಿಲ್ಲ. ಈ ತಳಿಯ ಸುಮಾರು ಕಾಲು ಭಾಗದಷ್ಟು ನಾಯಿಗಳಲ್ಲಿ ಪಿಒಎಂಸಿ ಎಂಬ ವಂಶವಾಹಿಯ ಒಂದು ತುಣುಕೇ ಇರುವುದಿಲ್ಲ ಎಂದು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಅಂಥ ನಾಯಿಗಳ ತೂಕವೂ ಹೆಚ್ಚು, ತಿನ್ನುವ ಹಂಬಲವೂ ಹೆಚ್ಚು. ಸಾಕೆನಿಸಿದಾಗ ತಾನೇ ನಿಲ್ಲಿಸುತ್ತದೆ ಎಂಬ ಮಾತು ಅವುಗಳ ಮಟ್ಟಿಗೆ ನಡೆಯುವುದಿಲ್ಲ. ಮಿತವಾಗಿ ತಿನ್ನುವ ನಾಯಿಗಳೂ ಇವೆ, ಅವುಗಳ ಮುಂದೆ ಒಣ ಆಹಾರವಿಟ್ಟು ಹೋದರೆ ನಡೆದೀತು. ಆದರೂ ನನಗೆ ಒಪ್ಪಿಗೆಯಿಲ್ಲ. ಹೊತ್ತಿಗೆ ಉಣ್ಣುವ ನಾಯಿ ಒಂದು ಬೆಳಗ್ಗೆ ಬಟ್ಟಲಿನಿಂದ ಮುಖ ತಿರುಗಿಸಿದರೆ ಏನೋ ಸರಿಯಿಲ್ಲವೆಂದು ಆಗಲೇ ತಿಳಿಯುತ್ತದೆ. ಸದಾ ತುಂಬಿರುವ ಬಟ್ಟಲಿನಲ್ಲಿ ಅದು ಗೊತ್ತಾಗುವುದು ನಾಯಿ ಸೊರಗಿದ ಮೇಲೆ. ಎರಡು ನಾಯಿಗಳಿದ್ದರಂತೂ ಯಾವುದು ತಿಂದಿತು, ಯಾವುದು ಉಪವಾಸ ಬಿದ್ದಿತು ಎಂಬುದೇ ತಿಳಿಯದು.

ಈಗ ಪ್ರಮಾಣದ ವಿಷಯ. ಪೊಟ್ಟಣದ ಮೇಲಿನ ಅಳತೆ ಆರಂಭಕ್ಕೆ ಸಾಕು, ಆದರೆ ಒಂದು ಸಲ ನೀವೇ ಲೆಕ್ಕ ಹಾಕಿ ನೋಡಿ. ಕಿಲೋ ಲೆಕ್ಕದಲ್ಲಿ ನಾಯಿಯ ತೂಕದ ಘನ ಮಾಡಿ (ತೂಕ × ತೂಕ × ತೂಕ), ಬಂದ ಸಂಖ್ಯೆಯ ವರ್ಗಮೂಲವನ್ನು ಎರಡು ಸಲ ತೆಗೆದು, 70ರಿಂದ ಗುಣಿಸಿದರೆ ಸುಮ್ಮನೆ ಮಲಗಿರುವ ದೇಹಕ್ಕೆ ದಿನಕ್ಕೆ ಬೇಕಾಗುವ ಕ್ಯಾಲೊರಿ ಸಿಗುತ್ತದೆ. 30 ಕಿಲೋ ತೂಕದ ನಾಯಿಗೆ ಅದು ಸುಮಾರು 900. ಸಂತಾನಹರಣವಾದ ವಯಸ್ಕ ನಾಯಿಗೆ ಅದನ್ನು 1.6ರಿಂದ ಗುಣಿಸುತ್ತಾರೆ, ಅಂದರೆ ಸುಮಾರು 1,400. ಒಣ ಆಹಾರದಲ್ಲಿ 100 ಗ್ರಾಂಗೆ 350ರಿಂದ 400 ಕ್ಯಾಲೊರಿ ಇರುವುದು ಸಾಮಾನ್ಯ. ಆ ಲೆಕ್ಕಕ್ಕೆ ದಿನವೊಂದಕ್ಕೆ 350ರಿಂದ 400 ಗ್ರಾಂ. ಇದನ್ನು ಲೋಟದಲ್ಲಿ ಅಳೆಯಬೇಡಿ, ತಕ್ಕಡಿಯಲ್ಲಿ ತೂಗಿ. ತರಬೇತಿಗೆ ಕೊಡುವ ತಿನಿಸು, ನೀವು ಉಣ್ಣುವಾಗ ಮೇಜಿನ ಕೆಳಗೆ ಸರಿಯುವ ತುಣುಕು ಎಲ್ಲ ಸೇರಿ ದಿನದ ಕ್ಯಾಲೊರಿಯ ಶೇಕಡಾ 10ನ್ನು ಮೀರಬಾರದು. ಮನೆಯಲ್ಲಿ ನಾಲ್ಕು ಜನರಿದ್ದು ನಾಲ್ವರೂ ಗುಟ್ಟಾಗಿ ಹಾಕುತ್ತಿದ್ದರೆ ಈ ಗಣಿತವೆಲ್ಲ ನೀರಿನಲ್ಲಿ ಹೋಮ.

ಲೆಕ್ಕಕ್ಕಿಂತ ಕೈ ಹೆಚ್ಚು ನಂಬಬಹುದಾದ ಸಾಧನ. ಬೆರಳು ಹಗುರಾಗಿ ಆಡಿಸಿದರೆ ಪಕ್ಕೆಲುಬು ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಒತ್ತಿ ಹುಡುಕಬೇಕಾಗಿ ಬಂದರೆ ಪಾಲನ್ನು ಹತ್ತರಲ್ಲೊಂದು ಭಾಗ ಇಳಿಸಿ, ಎರಡು ಮೂರು ವಾರ ಬಿಟ್ಟು ಮತ್ತೆ ನೋಡಿ. ಲ್ಯಾಬ್ರಡಾರ್‌ಗಳನ್ನೇ ಜೋಡಿಮಾಡಿ ಜೀವಮಾನವಿಡೀ ಗಮನಿಸಿದ ಒಂದು ಪ್ರಯೋಗದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ತನ್ನ ಜೋಡಿಗಿಂತ ಕಾಲು ಭಾಗ ಕಡಿಮೆ ತಿಂದ ನಾಯಿಗಳ ಮಧ್ಯಕ ಆಯಸ್ಸು 13 ವರ್ಷ, ಉಳಿದವುಗಳದು 11.2 ವರ್ಷ. ಕೀಲುನೋವೂ ತಡವಾಗಿ ಬಂದಿತ್ತು. ಊಟದ ಸಂಖ್ಯೆಯ ಬಗ್ಗೆ ಇಷ್ಟು ಗಟ್ಟಿಯಾದ ಸಾಕ್ಷ್ಯವನ್ನು ನಾನು ಎಲ್ಲಿಯೂ ಓದಿಲ್ಲ.

ಗಡಿಯಾರದ ವಿಷಯದಲ್ಲಿ ಅತಿ ಕಟ್ಟುನಿಟ್ಟೂ ಬೇಡ. ನಿಮಿಷ ತಪ್ಪದೆ ಹಾಕಿದರೆ ಕೆಲವು ನಾಯಿಗಳು ಅರ್ಧ ಗಂಟೆ ಮುಂಚಿನಿಂದಲೇ ಬೊಗಳಲು ಶುರುಮಾಡುತ್ತವೆ, ರಜಾ ದಿನವೂ ನಿಮ್ಮನ್ನು ಮಲಗಲು ಬಿಡುವುದಿಲ್ಲ. ಅರ್ಧ ಮುಕ್ಕಾಲು ಗಂಟೆ ಹಿಂದೆಮುಂದೆ ಆಗುತ್ತಿರಲಿ. ಗಬಗಬ ತಿನ್ನುವ ನಾಯಿಗೆ ಒಳಗೆ ದಿಬ್ಬಗಳಿರುವ ಬಟ್ಟಲು ತನ್ನಿ, ಇಲ್ಲವೇ ಒಣ ಆಹಾರವನ್ನು ಹುಲ್ಲಿನ ಮೇಲೆ ಚೆಲ್ಲಿ ಮೂಸಿ ಹುಡುಕಲು ಬಿಡಿ. ಇದೇ ಕೆಲಸಕ್ಕೆ ದುಬಾರಿ ಆಟಿಕೆಗಳೂ ಸಿಗುತ್ತವೆ. ಇನ್ಸುಲಿನ್ ಪಡೆಯುವ ನಾಯಿಗೆ ಮಾತ್ರ ಈ ಸಡಿಲಿಕೆ ಇಲ್ಲ; ಅದಕ್ಕೆ ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ ಊಟ, ಜೊತೆಗೇ ಚುಚ್ಚುಮದ್ದು. ಹಾಲೂಡುವ ತಾಯಿಗೆ ಎಂದಿಗಿಂತ ಎರಡರಿಂದ ನಾಲ್ಕು ಪಟ್ಟು ಆಹಾರ ಬೇಕಾಗುವುದರಿಂದ ಅದರ ಮುಂದೆ ಬಟ್ಟಲು ತುಂಬಿರುವುದೇ ಒಳ್ಳೆಯದು.

ನಿಮ್ಮ ಮನೆಯಲ್ಲಿ ಎರಡಕ್ಕೂ ಬೇರೆ ಬೇರೆ ಕೋಣೆಯಲ್ಲಿ ಹಾಕಿ. ಮರಿಯ ಆಹಾರದಲ್ಲಿ ಕೊಬ್ಬು ಹೆಚ್ಚಿರುತ್ತದೆ, ನಿಮ್ಮ ಲ್ಯಾಬ್ರಡಾರ್ ಅದನ್ನು ಬಿಟ್ಟು ತನ್ನದನ್ನು ತಿನ್ನುವ ಸಂಭವವೇ ಇಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಬಟ್ಟಲಲ್ಲಿ ಏನೇ ಉಳಿದಿದ್ದರೂ ಎತ್ತಿಬಿಡಿ, ನೀರು ಮಾತ್ರ ಸದಾ ಇರಲಿ. ದೊಡ್ಡ ನಾಯಿ ಒಂದು ಹೊತ್ತು ಬಿಟ್ಟರೆ ಗಾಬರಿ ಬೇಡ. ಪೂರ್ತಿ ಒಂದು ದಿನ ಮುಟ್ಟದಿದ್ದರೆ ಅಥವಾ ಜೊತೆಗೆ ಮಂಕಾಗಿದ್ದರೆ ಪಶುವೈದ್ಯರನ್ನು ಕಾಣಿ. ಮರಿಯ ವಿಷಯದಲ್ಲಿ ಅಷ್ಟು ಕಾಯುವಂತಿಲ್ಲ, ಸತತ ಎರಡು ಹೊತ್ತು ತಪ್ಪಿಸಿದರೆ ಅಂದೇ ಕರೆದೊಯ್ಯಿರಿ.