ಟೆನಿಸ್ ರಾಕೆಟ್‌ಗೆ ಮನೇಲೇ ಗಟ್ಟಿಂಗ್ ಆಗುತ್ತಾ?

ಪ್ರಶ್ನೆ: ಸರ್, ಮಗಳು ವಾರಕ್ಕೆ ಮೂರು ದಿನ ಟೆನಿಸ್ ಆಡ್ತಾಳೆ. ಹೋದ ವಾರ ರಾಕೆಟ್‌ದು ಒಂದು ಗಟ್, ಅಂದ್ರೆ ಬಲೆಯ ದಾರ, ಪಟ್ ಅಂತ ಹರೀತು. ನಮ್ಮೂರಲ್ಲಿ ಗಟ್ಟಿಂಗ್ ಮಾಡೋರಿಲ್ಲ, ಪ್ರತಿ ಸಲ ಮೈಸೂರಿಗೆ ಹೋಗ್ಬೇಕು. ನಾವು ಚಿಕ್ಕೋರಿದ್ದಾಗ ಶಟಲ್ ಬ್ಯಾಟಿಗೆ ನಮ್ಮಣ್ಣ ಕೈಯಲ್ಲೇ ಹಾಕ್ತಿದ್ದ, ಒಂದು ದಬ್ಬಣ ಇದ್ರೆ ಸಾಕಿತ್ತು. ಇದಕ್ಕೂ ಹಂಗೇ ಮಾಡ್ಬಹುದಾ? ಇಲ್ಲಾ ಹರಿದಿರೋದಕ್ಕೆ ಒಂದು ಗಂಟು ಹಾಕ್ಲಾ?
— ಓದುಗರು, ಹುಣಸೂರು

ಉತ್ತರ: ಗಂಟು ಬೇಡ. ಒಂದು ಹರಿದ್ರೆ ಅಕ್ಕಪಕ್ಕದ್ದೂ ಸಡಿಲ ಆಗುತ್ತೆ, ಮಿಕ್ಕಿದ್ದು ಬಿಗಿಯಾಗೇ ಇದ್ದು ಫ್ರೇಮನ್ನ ಒಂದೇ ಕಡೆ ಎಳೀತಿರುತ್ತೆ. ಹರಿದ ದಿನಾನೇ ಎಲ್ಲಾ ಕತ್ತರಿಸಿ ತೆಗೀರಿ, ಮಧ್ಯದಿಂದ ಶುರು ಮಾಡಿ ಹೊರಗಡೆಗೆ. ಅದಕ್ಕೂ ಮುಂಚೆ ಮೊಬೈಲಲ್ಲಿ ಎರಡೂ ಬದಿ ಫೋಟೋ ತಗೊಳ್ಳಿ, ಯಾವ ತೂತಲ್ಲಿ ಉದ್ದದ್ದು, ಯಾವುದ್ರಲ್ಲಿ ಅಡ್ಡದ್ದು, ಗಂಟು ಎಲ್ಲಿದೆ ಎಲ್ಲಾ ಕಾಣೋ ಹಾಗೆ. ನಾನು ಮೊದಲ ಸಲ ಫೋಟೋ ತೆಗೀದೆ ಕತ್ತರಿ ಹಾಕಿ ಆಮೇಲೆ ಅರ್ಧ ದಿನ ತೂತು ಎಣಿಸ್ಕೊಂಡು ಕೂತಿದ್ದೆ.

ಇನ್ನು ಕೈಯಲ್ಲಿ ಎಳೆಯೋ ವಿಷಯ. ನಿಮ್ಮಣ್ಣ ಶಟಲ್ ಬ್ಯಾಟಿಗೆ ಎಳೀತಿದ್ದಿದ್ದು ಹೆಚ್ಚು ಅಂದ್ರೆ 20 ಪೌಂಡ್ ಇರಬೇಕು, ಅಂದ್ರೆ ಒಂಬತ್ತು ಕೇಜಿ. ಟೆನಿಸ್‌ಗೆ ಸಾಮಾನ್ಯವಾಗಿ 50ರಿಂದ 60 ಪೌಂಡ್. 55 ಅಂತ ಇಟ್ಕೊಂಡ್ರೂ 25 ಕೇಜಿ ಅಕ್ಕಿ ಮೂಟೆನ ಒಂದು ದಾರಕ್ಕೆ ನೇತುಹಾಕಿದ ಹಾಗಾಯ್ತು, 16 ಉದ್ದ 19 ಅಡ್ಡ ಇರೋ ರಾಕೆಟ್ ಆದ್ರೆ ಒಟ್ಟು 35 ಎಳೆಗೂ ಅಷ್ಟೇ ಭಾರ ಒಂದೇ ಸಮ ಬರ್ಬೇಕು. ಕೈಯಲ್ಲಿ ಆಗಲ್ಲ ಬಿಡಿ.

ಆದ್ರೆ ಮನೇಲಿ ಆಗಲ್ಲ ಅಂತಲ್ಲ. ಡ್ರಾಪ್ ವೇಟ್ ಅಂತ ಟೇಬಲ್ ಮೇಲೆ ಇಡೋ ಮಶೀನ್ ಬರುತ್ತೆ, ಕರೆಂಟೂ ಬೇಡ. ಒಂದು ಕಬ್ಬಿಣದ ಸರಳು, ಅದರ ಮೇಲೆ ಸರಿಸೋ ಒಂದು ಗುಂಡು, ಎಷ್ಟು ಪೌಂಡ್ ಬೇಕೋ ಅಲ್ಲಿಗೆ ಸರಿಸಿ, ಗಟ್ ಸಿಕ್ಕಿಸಿ ಸರಳನ್ನ ಮೆಲ್ಲಗೆ ಬಿಟ್ರೆ ಅದು ಇಳಿದು ನೆಲಕ್ಕೆ ಸಮವಾಗಿ ನಿಲ್ಲುತ್ತೆ. ವಾರೆ ನಿಂತ್ರೆ ಎತ್ತಿ ಇನ್ನೊಂದ್ಸಲ ಹಿಡಿಸ್ಬೇಕು. ಮಕ್ಕಳಿಬ್ಬರು ಆಡೋ ಮನೆ ಆದ್ರೆ ತಗೊಳ್ಳಿ, ವರ್ಷಕ್ಕೊಂದ್ಸಲ ಹಾಕೋರಿಗೆ ಮೈಸೂರು ಬಸ್ಸೇ ಲೇಸು.

ಮೊದಲು ಉದ್ದದ್ದು, ಮಧ್ಯದಿಂದ ಎಡಕ್ಕೊಂದೆರಡು ಬಲಕ್ಕೊಂದೆರಡು ಅಂತ ಸಮ ಮಾಡ್ಕೊಂಡು ಹೋಗಿ. ಉದ್ದದ್ದಷ್ಟೇ ಹಾಕಿದಾಗ ಫ್ರೇಮ್ ಮೇಲಿಂದ ಕೆಳಕ್ಕೆ ಕುಗ್ಗಿ ಅಗಲ ಆಗೋಕೆ ನೋಡುತ್ತೆ, ಅಡ್ಡದ್ದು ಬಿದ್ಮೇಲೇ ಅದು ತನ್ನ ಆಕಾರಕ್ಕೆ ಬರೋದು, ಅದಕ್ಕೇ ಉದ್ದದ್ದು ಮುಗೀತು ಅಂತ ಮಧ್ಯದಲ್ಲಿ ಮಶೀನಿಂದ ಬಿಚ್ಚಿ ಇಟ್ಬಿಡಬೇಡಿ. ಅಡ್ಡದ್ದು ಚಾಪೆ ಹೆಣೆದ ಹಾಗೆ, ಒಂದರ ಮೇಲೆ ಒಂದರ ಕೆಳಗೆ. ಒಂದೇ ಜಾಗದಲ್ಲಿ ಸರ್ರಂತ ಎಳೆದ್ರೆ ಉಜ್ಜಿ ಸುಟ್ಟ ಗೀರು ಬೀಳುತ್ತೆ, ಮೇಲೆ ಕೆಳಗೆ ಬಾಗಿಸ್ತಾ ಎಳೀರಿ. ಪ್ರತಿ ಸಾಲು ಎಳೆಯೋ ಮುಂಚೆ ಬೆರಳಾಡಿಸಿ ನೋಡಿ, ನನಗೆ ಒಂದು ತಪ್ಪು ಕಂಡಿದ್ದು ಇನ್ನೂ ನಾಲ್ಕು ಸಾಲು ಹಾಕಿದ್ಮೇಲೆ, ಐದೂ ಬಿಚ್ಚಬೇಕಾಯ್ತು. ದಬ್ಬಣ ಇರ್ಲಿ, ತೂತು ಬಿಡಿಸೋಕೆ ಬೇಕು, ಆದ್ರೆ ಮೊನೆ ಒಳಗಿರೋ ಗಟ್‌ಗೆ ತಾಗಿದ್ರೆ ಅಲ್ಲೇ ಹರಿಯೋದು.

ಕಲಿಯೋಕೆ ನೈಲಾನ್ ತಗೊಳ್ಳಿ, 12 ಮೀಟರ್ ಸೆಟ್ ಒಂದು ರಾಕೆಟ್‌ಗೆ ಸಾಕು. ಅಂಗಡೀಲಿ ಪಾಲಿಯೆಸ್ಟರ್ ತೋರಿಸ್ತಾರೆ, ಬೇಡ ಅನ್ನಿ, ಬಿರುಸು ಜಾಸ್ತಿ, ಮಗು ಕೈಗೆ ಪೆಟ್ಟು. ವಾರಕ್ಕೆ ಎಷ್ಟು ದಿನ ಆಡ್ತಾರೋ ವರ್ಷಕ್ಕೆ ಅಷ್ಟು ಸಲ ಗಟ್ ಬದಲಿಸಬೇಕು ಅಂತ ಆಡೋರ ಲೆಕ್ಕ, ನಿಮ್ಮ ಮಗಳಿಗೆ ಮೂರು ಸಲ, ಹರೀದೇ ಇದ್ರೂ.