ಷೇಕ್ಸ್‌ಪಿಯರ್ ತನ್ನ ಬದುಕಿನಲ್ಲಿ ಸುಖಿಯಾಗಿದ್ದನೇ?

ಷೇಕ್ಸ್‌ಪಿಯರ್ ಸುಖಿಯಾಗಿದ್ದನೇ ಎಂದು ಕೇಳಿದ್ದೀರಿ. ತಾನು ಬಯಸಿದ್ದರಲ್ಲಿ ಬಹುಪಾಲನ್ನು ಅವನು ಗಳಿಸಿದ, ಆದರೆ ಅದನ್ನು ಉಣ್ಣಬೇಕಾಗಿದ್ದ ಮಗನನ್ನು ಕಳೆದುಕೊಂಡ ಎಂಬುದು ನನ್ನ ತಿಳಿವಳಿಕೆ.

ಅವನು ಬರೆದ ಒಂದು ಕಾಗದವೂ ಉಳಿದಿಲ್ಲವಾದ್ದರಿಂದ ಅನೇಕರು ನಾಟಕಗಳಲ್ಲಿಯೇ ಅವನ ಮನಸ್ಸನ್ನು ಹುಡುಕುತ್ತಾರೆ. ನನಗೆ ಆ ದಾರಿಯಲ್ಲಿ ನಂಬಿಕೆಯಿಲ್ಲ. ‘ಹ್ಯಾಮ್ಲೆಟ್’ ಬರೆದ ಆಸುಪಾಸಿನಲ್ಲಿಯೇ ‘ಟ್ವೆಲ್ಫ್ತ್ ನೈಟ್’ನಂಥ ಹಾಸ್ಯ ನಾಟಕವನ್ನೂ ಬರೆದವನ ಅಂತರಂಗವನ್ನು ಯಾವುದರಿಂದ ಅಳೆಯುವುದು? ಚರ್ಚಿನ ದಾಖಲೆ, ಕ್ರಯಪತ್ರ, ಉಯಿಲುಗಳೇ ಹೆಚ್ಚು ನೇರವಾಗಿ ಮಾತನಾಡುತ್ತವೆ.

ಅವನ ತಂದೆ ಜಾನ್ ಸ್ಟ್ರಾಟ್‌ಫರ್ಡಿನಲ್ಲಿ ಕೈಗವಸು ತಯಾರಿಸುತ್ತಿದ್ದವನು. ಊರಿನ ಆಡಳಿತದ ಮುಖ್ಯಸ್ಥನಾಗುವಷ್ಟು ಮೇಲೇರಿ, ಮಗ ಹರೆಯಕ್ಕೆ ಬರುವ ಹೊತ್ತಿಗೆ ಸಾಲದಲ್ಲಿ ಸಿಲುಕಿದ. ಮಗನ ಮುಂದಿನ ನಡೆಗಳಲ್ಲೆಲ್ಲ ಆ ಕಳಂಕವನ್ನು ತೊಳೆಯುವ ಹಠ ನನಗೆ ಕಾಣುತ್ತದೆ. 1596ರ ಅಕ್ಟೋಬರಿನಲ್ಲಿ ಮನೆತನಕ್ಕೆ ಗಣ್ಯರೆಂಬ ಗುರುತಾದ ಕುಲಲಾಂಛನ ದೊರೆಯಿತು. ಆದರೆ ಅದೇ ವರ್ಷದ ಆಗಸ್ಟ್ 11ರಂದು ಅವನ ಒಬ್ಬನೇ ಮಗ, 11 ವರ್ಷದ ಹ್ಯಾಮ್ನೆಟ್, ಮಣ್ಣಾಗಿದ್ದ. ವಂಶಪಾರಂಪರ್ಯವಾಗಿ ಸಾಗಬೇಕಾದ ಗೌರವವೊಂದು ಕೈಸೇರುವ ಎರಡು ತಿಂಗಳ ಮೊದಲೇ, ಅದನ್ನು ಮುಂದಕ್ಕೆ ಒಯ್ಯಬೇಕಾಗಿದ್ದ ಕುಡಿ ಇಲ್ಲವಾಗಿತ್ತು. ಹಾಗೆಂದು ಅವನು ಕೈಚೆಲ್ಲಿ ಕೂರಲಿಲ್ಲ: 1597ರಲ್ಲಿ ಊರಿನ ದೊಡ್ಡ ಮನೆಗಳಲ್ಲೊಂದಾದ ನ್ಯೂ ಪ್ಲೇಸ್ ಅನ್ನು ಕೊಂಡ, 1602ರಲ್ಲಿ 320 ಪೌಂಡು ತೆತ್ತು 107 ಎಕರೆ ಜಮೀನು ಮಾಡಿದ.

ದಾಂಪತ್ಯದ ಬಗ್ಗೆ, ಹೆಂಡತಿಗೆ ‘ಎರಡನೆಯ ದರ್ಜೆಯ ಮಂಚ’ವನ್ನು ಬರೆದಿಟ್ಟ ಉಯಿಲಿನ ಒಂದೇ ಸಾಲನ್ನು ಹಿಡಿದು ತೀರ್ಪು ಕೊಡುವುದು ಆತುರವಾದೀತು. ಅದೇ ಉಯಿಲಿನ ಇನ್ನೊಂದು ಸಾಲು ನನಗೆ ಹೆಚ್ಚು ತೂಕದ್ದು. ಅವನ ಕಾಲದ ನಾಟಕಕಾರ ಮಾರ್ಲೋ 1593ರಲ್ಲಿ ಜಗಳವೊಂದರಲ್ಲಿ ಇರಿತಕ್ಕೆ ಬಲಿಯಾಗಿದ್ದ. ಇನ್ನೊಬ್ಬ ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ನಟನೊಬ್ಬನನ್ನು ದ್ವಂದ್ವಯುದ್ಧದಲ್ಲಿ ಕೊಂದು ಸೆರೆಮನೆ ಸೇರಿದ್ದ. ಇಂಥ ಕಸುಬಿನಲ್ಲಿ 1594ರಿಂದ ಒಂದೇ ನಾಟಕ ಮಂಡಳಿಯೊಂದಿಗೆ ಬಾಳಿದ ಷೇಕ್ಸ್‌ಪಿಯರ್, 1616ರಲ್ಲಿ ಸಾಯುವ ಮುನ್ನ ಬರ್ಬೇಜ್, ಹೆಮಿಂಜಸ್, ಕಾಂಡೆಲ್ ಎಂಬ ಸಹನಟರಿಗೆ ನೆನಪಿನ ಉಂಗುರ ಕೊಳ್ಳಲು ತಲಾ 26 ಶಿಲಿಂಗ್ 8 ಪೆನ್ಸ್ ಬರೆದಿಟ್ಟ. ಅವರಲ್ಲಿ ಕೊನೆಯ ಇಬ್ಬರು 1623ರಲ್ಲಿ ಅವನ 36 ನಾಟಕಗಳನ್ನು ಒಟ್ಟುಗೂಡಿಸಿ ಅಚ್ಚುಹಾಕಿಸಿದರು. ಲಾಭಕ್ಕಾಗಲಿ ಕೀರ್ತಿಗಾಗಲಿ ಅಲ್ಲ, ಗೆಳೆಯನ ನೆನಪು ಉಳಿಯಲೆಂದು ಹಾಗೆ ಮಾಡಿದುದಾಗಿ ಅರ್ಪಣೆಯಲ್ಲಿ ಹೇಳಿಕೊಂಡರು.